ಸೇಬಿನ ಜತೆ ಇಟ್ಟ ಕೊತ್ತಂಬರಿ ಎರಡೇ ದಿನಕ್ಕೆ ಹಳದಿ

ಸೇಬು, ಸೌತೆಕಾಯಿ, ಕೊತ್ತಂಬರಿ ಮೂರನ್ನೂ ಫ್ರಿಜ್ಜಿನ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೀರಿ ಅಲ್ವಾ? ಹಾಗಾದರೆ ಕೊತ್ತಂಬರಿ ಬೇಗ ಹಳದಿಯಾಗಲು ಬಹುಶಃ ಸೇಬೇ ಕಾರಣ. ಅದು ಎಥಿಲೀನ್ ಅನ್ನುವ ಅನಿಲ ಬಿಡುತ್ತದೆ. ತಂಪಿನಲ್ಲಿ ಅದು ಕಡಿಮೆಯಾದರೂ ಪೂರ್ತಿ ನಿಲ್ಲುವುದಿಲ್ಲ. ಅದು ತಾಗಿದರೆ ಸೊಪ್ಪಿನ ಹಸಿರು ಬೇಗ ಹೋಗುತ್ತದೆ, ಸೌತೆಕಾಯಿಯೂ ಹಳದಿ ತಿರುಗುತ್ತದೆ. ಸೇಬಿನ ಜತೆಗಿಟ್ಟ ಕ್ಯಾರೆಟ್ ಕಹಿಯಾಗುತ್ತದೆ, ನಮ್ಮ ಮನೆಯಲ್ಲಿ ಹಾಗೇ ಆಗಿತ್ತು.

ಮೊದಲು ಸೇಬನ್ನು ಕವರಿನಲ್ಲಿ ಕಟ್ಟಿ ಬೇರೆ ಕಡೆ ಇಡಿ. ಪೆಟ್ಟು ಬಿದ್ದ ಹಣ್ಣು ಒಂದಿದ್ದರೂ ತೆಗೆದುಬಿಡಿ, ಅದು ಇನ್ನೂ ಜಾಸ್ತಿ ಅನಿಲ ಬಿಡುತ್ತದೆ. ಆಮೇಲೆ ಕೊತ್ತಂಬರಿಯ ಹಳದಿ ಎಲೆ ಆರಿಸಿ. ತೊಳೆಯಬೇಡಿ. ಒಣ ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಗೆ ಹಾಕಿ. ಸೌತೆಕಾಯಿಯನ್ನು ಬಾಗಿಲ ಕಡೆ ಇಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. 10 ಡಿಗ್ರಿಗಿಂತ ಹೆಚ್ಚು ತಂಪು ಅದಕ್ಕೆ ಒಗ್ಗುವುದಿಲ್ಲ. ಬಾಳೆಹಣ್ಣು, ಟೊಮೆಟೊ ಹೊರಗೇ ಇರಲಿ, ಆದರೆ ಸೊಪ್ಪಿನ ಹತ್ತಿರ ಬೇಡ.

ಸೊಪ್ಪು ಹಳದಿಯ ಜತೆ ಲೋಳೆಯೂ ಆಗುತ್ತಿದ್ದರೆ ಕಥೆ ಬೇರೆ. ಅದು ತೇವದ ತೊಂದರೆ, ಸೇಬು ದೂರ ಇಟ್ಟರಷ್ಟೇ ಸರಿಹೋಗದು. ಸುತ್ತಿದ ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಿ.

ಕಾಯಿ ಬಟರ್‌ಫ್ರೂಟ್ ಇದ್ದರೆ ಅದೇ ಸೇಬಿನ ಜತೆ ಕಾಗದದ ಚೀಲದಲ್ಲಿ ಹೊರಗಿಡಿ, ಬೇಗ ಹಣ್ಣಾಗುತ್ತದೆ.