ಸುಮೊ ಮಲ್ಲರ ಹಳೆಯ ಆಟದ ಕಾರ್ಡುಗಳು: ಕಾಲ ಗುರುತಿಸುವುದು ಹೇಗೆ?

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವ 1960ರ ದಶಕದ ಕೊನೆಯಲ್ಲಿ ಜಪಾನಿನ ಕೋಬೆ ಬಂದರಿನಿಂದ ತಂದಿದ್ದ ಸುಮಾರು ಮೂವತ್ತು ರಟ್ಟಿನ ಕಾರ್ಡುಗಳು ಅವರ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಎಲ್ಲದರಲ್ಲೂ ಸುಮೊ ಮಲ್ಲರ ಚಿತ್ರಗಳಿವೆ. ಕೆಲವು ದುಂಡಗಿವೆ, ಕೆಲವು ಉದ್ದನೆಯವು. ಹಲವದರ ಅಂಚು ಸವೆದಿದೆ. ನನಗೆ ಜಪಾನಿ ಭಾಷೆ ಬಾರದು. ಇವು ಯಾವ ಕಾಲದವೆಂದು ತಿಳಿಯುವುದು ಹೇಗೆ? ಹಾಳಾಗದಂತೆ ಲ್ಯಾಮಿನೇಷನ್ ಮಾಡಿಸಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತಿನದು. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಯಿಂದ ಅಂಟಿಕೊಂಡ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಹೋದರೆ ಅದರೊಂದಿಗೆ ಚಿತ್ರವೂ ಕಿತ್ತುಬರುತ್ತದೆ.

ನಿಮ್ಮಲ್ಲಿರುವುದು ಜಪಾನಿನ ಮಕ್ಕಳು ‘ಮೆಂಕೊ’ ಎಂದು ಕರೆಯುವ ಆಟದ ಕಾರ್ಡುಗಳು ಎಂದು ನಿಮ್ಮ ವಿವರಣೆಯಿಂದ ಕಾಣುತ್ತದೆ. ಒಬ್ಬ ಹುಡುಗ ತನ್ನ ಕಾರ್ಡನ್ನು ನೆಲದ ಮೇಲಿಡುತ್ತಾನೆ; ಇನ್ನೊಬ್ಬ ತನ್ನದನ್ನು ಅದರ ಪಕ್ಕಕ್ಕೆ ಬಲವಾಗಿ ಬಡಿದು, ಆ ಹೊಡೆತಕ್ಕೂ ಗಾಳಿಗೂ ಮೊದಲಿನದು ಮಗುಚಿಬಿದ್ದರೆ ಅದನ್ನು ಗೆದ್ದುಕೊಳ್ಳುತ್ತಾನೆ. ಎಡೊ ಕಾಲದಲ್ಲಿ (1603–1868) ಇವನ್ನು ಮಣ್ಣಿನಿಂದಲೂ ಮೇಜಿ ಕಾಲದಲ್ಲಿ (1868–1912) ಸೀಸದಿಂದಲೂ ಮಾಡುತ್ತಿದ್ದರು, ರಟ್ಟಿನವು ಬಂದದ್ದು ಆಮೇಲೆ. ಹಿಂಬದಿಯಲ್ಲಿ ಉದ್ದನೆಯ ಸಂಖ್ಯೆ ಅಥವಾ ಕಲ್ಲು, ಕಾಗದ, ಕತ್ತರಿಯ ಕೈಗುರುತು ಇದೆಯೇ ನೋಡಿ. ಕಾರ್ಡನ್ನು ನೆಲಕ್ಕೆ ಬಡಿಯದೆಯೂ ಅವುಗಳಿಂದ ಬೇರೆ ಆಟಗಳನ್ನು ಆಡಬಹುದಿತ್ತು. ಹಿಂಬದಿ ಖಾಲಿಯಿದ್ದು ಕಾಗದ ತೆಳ್ಳಗಿದ್ದರೆ ಅದು ‘ಬ್ರೊಮೈಡ್’ ಎಂಬ ಛಾಯಾಚಿತ್ರವಾಗಿರಬಹುದು. ಅಂಥವನ್ನು ಪ್ರತ್ಯೇಕವಾಗಿ ಜೋಡಿಸಿಡಿ.

ಸವೆದ ಅಂಚಿಗಾಗಿ ಬೇಸರಪಡಬೇಡಿ. ಮಾರುಕಟ್ಟೆಯಲ್ಲಿ ಹೊಸತರಂತಿರುವ ಕಾರ್ಡಿಗೇ ಹೆಚ್ಚು ಬೆಲೆ ಎಂಬುದು ನಿಜ. ಆದರೆ ನೆಲಕ್ಕೆ ಬಡಿಯಲೆಂದೇ ಮಾಡಿದ ವಸ್ತುವಿನ ಮೇಲೆ ಬಡಿದ ಗುರುತಿದ್ದರೆ ಅದನ್ನು ಕುಂದೆಂದು ಎಣಿಸಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕಾಲದ ವಿಚಾರ. ಭಾಷೆ ಬಾರದವರೂ ಮೊದಲು ನೋಡಬೇಕಾದದ್ದು ಸೊಂಟವನ್ನು. ದಪ್ಪನೆಯ ಬಿಳಿ ಹಗ್ಗವೂ ಅದರಿಂದ ಇಳಿಬಿದ್ದ ಅಂಕುಡೊಂಕಾದ ಕಾಗದದ ಪಟ್ಟಿಗಳೂ ಕಂಡರೆ ಆ ಮಲ್ಲರು ಅತ್ಯುನ್ನತ ಪದವಿಯಾದ ‘ಯೊಕೊಜುನಾ’ವನ್ನು ಪಡೆದವರು, ಆದ್ದರಿಂದ ಆ ಚಿತ್ರ ಅವರು ಆ ಪದವಿಗೇರಿದ ವರ್ಷಕ್ಕಿಂತ ಹಿಂದಿನದಾಗಿರಲಾರದು. ಆಮೇಲೆ ಫೋನಿನ ಅನುವಾದ ಆ್ಯಪ್‌ನಿಂದ ಹೆಸರನ್ನು ಓದಿಸಿ. ಉದಾಹರಣೆಗೆ, 32 ಬಾರಿ ಪ್ರಶಸ್ತಿ ಗೆದ್ದ ತೈಹೊ ಅವರು 1956ರಲ್ಲಿ ಅಖಾಡಕ್ಕಿಳಿದಾಗ ನಾಯಾ ಎಂಬ ತಮ್ಮ ಮನೆತನದ ಹೆಸರಿನಲ್ಲೇ ಸೆಣಸುತ್ತಿದ್ದರು. ತೈಹೊ ಎಂಬ ಹೆಸರು ಅವರಿಗೆ ಬಂದದ್ದು 1959ರಲ್ಲಿ, ಯೊಕೊಜುನಾ ಪದವಿ ದೊರೆತದ್ದು 1961ರ ಸೆಪ್ಟೆಂಬರ್ ಪಂದ್ಯಾವಳಿಯ ನಂತರ, ಕಾಶಿವಾದೊ ಅವರ ಜೊತೆಯಲ್ಲಿ. ಹಗ್ಗವಿಲ್ಲದ ತೈಹೊ ಮತ್ತು ಹಗ್ಗ ಉಟ್ಟ ತೈಹೊ ಎರಡೂ ನಿಮ್ಮಲ್ಲಿದ್ದರೆ ಅವನ್ನು ಅಕ್ಕಪಕ್ಕದಲ್ಲಿಡಿ.

ಹೆಸರೊಂದನ್ನೇ ನಂಬುವುದೂ ಅಪಾಯ, ಏಕೆಂದರೆ ಅಖಾಡದ ಹೆಸರುಗಳು ಒಬ್ಬರಿಂದ ಮತ್ತೊಬ್ಬರಿಗೆ ಸಲ್ಲುತ್ತವೆ. ವಾಕಾನೊಹಾನಾ ಎಂಬ ಹೆಸರಿನ ಮೂವರು 1958, 1978 ಮತ್ತು 1998ರಲ್ಲಿ ಯೊಕೊಜುನಾ ಆದರು. ಇಲ್ಲಿ ನಿಮಗೆ ಒಂದು ಅನುಕೂಲವಿದೆ: ನಿಮ್ಮ ಮಾವನವರು 1960ರ ದಶಕದಲ್ಲಿ ತಂದದ್ದು ಖಚಿತವಾದರೆ, ಹಗ್ಗ ಉಟ್ಟ ವಾಕಾನೊಹಾನಾ ಮೊದಲನೆಯವರೇ. ಆದ್ದರಿಂದ ಅವರ ಪತ್ರ, ಪಾಸ್‌ಪೋರ್ಟ್, ಹಡಗಿನ ದಾಖಲೆ ಏನೇ ಸಿಕ್ಕರೂ ಕಾರ್ಡುಗಳ ಜೊತೆಗೇ ಇಡಿ. ಬೇರೆ ಸಂಗ್ರಾಹಕರಿಗೆ ಇಂಥ ಪುರಾವೆ ಸುಲಭವಾಗಿ ಸಿಗುವುದಿಲ್ಲ.

ಕಾರ್ಡುಗಳು ಇನ್ನೂ ಹಳೆಯವೇ ಎಂದು ತಿಳಿಯಲು ಅಡ್ಡ ಬರಹದ ದಿಕ್ಕನ್ನು ಗಮನಿಸಿ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಅಡ್ಡಸಾಲನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಯೊಕೊಜುನಾ ಎಂಬುದರ ಎರಡು ಅಕ್ಷರಗಳನ್ನು ಗುರುತು ಹಿಡಿಯಲು ಕಲಿತುಕೊಳ್ಳಿ. ಅವು ಹಿಂದುಮುಂದಾಗಿ ಕಂಡರೆ ಆ ಕಾರ್ಡು ಯುದ್ಧಪೂರ್ವದ್ದಾಗಿರುವ ಸಂಭವ ಹೆಚ್ಚು. ಮೇಲಿಂದ ಕೆಳಕ್ಕೆ ಬರೆದ ಹೆಸರುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. 1936ರಿಂದ 1939ರವರೆಗೆ ಸತತ 69 ಗೆಲುವು ಕಂಡ ಫುತಾಬಾಯಾಮಾ ಅವರ ಕಾರ್ಡು ಸಿಕ್ಕರಂತೂ ಅವಸರದಲ್ಲಿ ಯಾರಿಗೂ ಕೊಟ್ಟುಬಿಡಬೇಡಿ.

ಕರಾವಳಿಯ ಮಳೆಗಾಲದಲ್ಲಿ ರಟ್ಟಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಪಿವಿಸಿ ಹಾಳೆಯ ಆಲ್ಬಮ್ ಬೇಡ. ಪಾಲಿಪ್ರೊಪಿಲೀನ್ ಲಕೋಟೆಗಳಲ್ಲಿ ಒಂದೊಂದಾಗಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಆಗಾಗ ಪೊಟ್ಟಣಗಳನ್ನು ಬದಲಿಸುತ್ತಿರಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘1930ರ ದಶಕದ ಸುಮೊ ಮೆಂಕೊ’ ಎಂದು ಮಾರುವುದನ್ನು ನಂಬಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಬದಿಯ ಸ್ಪಷ್ಟ ಚಿತ್ರ ಕೊಡದವರಿಂದ ಕೊಳ್ಳಬೇಡಿ. ಕಾರ್ಡು ಕೈಗೆ ಬಂದ ಮೇಲೆ ಅದನ್ನು ಕತ್ತಲೆಯಲ್ಲಿ ನೇರಳಾತೀತ ಟಾರ್ಚಿನಡಿ ಹಿಡಿದು ನೋಡಿ. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪುಕಾರಕ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು 1950ರ ಆಸುಪಾಸಿನಿಂದ. ಆದ್ದರಿಂದ 1930ರ ದಶಕದ್ದೆಂದು ಹೇಳಿದ ರಟ್ಟು ನೀಲಿಯಾಗಿ ಪ್ರಜ್ವಲಿಸಿದರೆ ಆ ಮಾತನ್ನು ಒಪ್ಪಬೇಡಿ. ಹೊಳೆಯದಿದ್ದ ಮಾತ್ರಕ್ಕೆ ಅಸಲಿ ಎಂದಲ್ಲ, ಹೊಳಪುಕಾರಕವಿಲ್ಲದ ಕಾಗದ ಇಂದಿಗೂ ಸಿಗುತ್ತದೆ. ಆಗ ಭೂತಗನ್ನಡಿಯಲ್ಲಿ ಮುದ್ರಣವನ್ನು ನೋಡಬೇಕು: ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲಿನಲ್ಲಿ ಬಣ್ಣದ ಚುಕ್ಕೆಗಳು ಕ್ರಮವಿಲ್ಲದೆ ಚೆಲ್ಲಿದಂತೆ ಕಾಣುತ್ತವೆ.