ಚಳಿ ನಾಡಿನ ಹಿತ್ತಿಲಲ್ಲಿ ಹೂದಾನಿಗೆಂದೇ ಹೂ

ಪ್ರಶ್ನೆ: ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುವ ಊರು ನಮ್ಮದು. ಹಿತ್ತಿಲಲ್ಲಿ 3 ಮೀಟರ್ ಉದ್ದ, 1.2 ಮೀಟರ್ ಅಗಲದ ಎರಡು ಮಡಿಗಳಿವೆ. ಕಳೆದ ವರ್ಷ ಪೂರ್ತಿ ಝಿನ್ನಿಯಾ, ಡೇಲಿಯಾ ಹಾಕಿದೆವು. ಹೂ ಬಿಡತೊಡಗಿ ಮೂರು ವಾರವಾಗಿತ್ತಷ್ಟೇ, ಒಂದೇ ರಾತ್ರಿಯ ಚಳಿಗೆ ಎಲ್ಲ ಕಪ್ಪಾಯಿತು. ವಸಂತದಿಂದಲೇ ಮನೆಯೊಳಗೆ ಹೂ ಇರಬೇಕೆಂದರೆ ಏನು ಮಾಡಬೇಕು?

ಉತ್ತರ: ನೀವು ಆರಿಸಿದ ಎರಡೂ ಮೆಕ್ಸಿಕೊ ಕಡೆಯ ಗಿಡಗಳು, ಮಂಜುಗಟ್ಟುವ ಒಂದು ರಾತ್ರಿಯನ್ನೂ ತಾಳುವುದಿಲ್ಲ. ಚಳಿ ಇಲ್ಲದಿದ್ದರೆ ಹೂವನ್ನೇ ಬಿಡದ ಗಿಡಗಳೂ ಇವೆ. ನಿಮ್ಮ ಜಾಗದಲ್ಲಿ ಅರ್ಧವಾದರೂ ಅವಕ್ಕೆ ಸಲ್ಲಬೇಕು.

ಬೀಜ ಕೊಳ್ಳುವ ಮೊದಲು ಎರಡು ದಿನಾಂಕ ಬರೆದಿಟ್ಟುಕೊಳ್ಳಿ: ನಿಮ್ಮಲ್ಲಿ ವಸಂತದ ಕೊನೆಯ ಮಂಜುಗಟ್ಟುವ ರಾತ್ರಿ ಸಾಮಾನ್ಯವಾಗಿ ಯಾವಾಗ, ಶರತ್ಕಾಲದ ಮೊದಲನೆಯದು ಯಾವಾಗ. ನಡುವೆ ಸುಮಾರು 110 ದಿನವಿದೆ ಎನ್ನೋಣ. ಝಿನ್ನಿಯಾ ಬಿತ್ತನೆಯಿಂದ ಹೂವಿಗೆ 60ರಿಂದ 70 ದಿನ ತೆಗೆದುಕೊಳ್ಳುತ್ತದೆ. ಡೇಲಿಯಾ ಗೆಡ್ಡೆಗೆ 90 ದಿನವೂ ಸಾಲದಿರಬಹುದು. ಡೇಲಿಯಾ ಹೂವಿಗೆ ಮೂರೇ ವಾರ ಸಿಕ್ಕಿದ್ದು ಏಕೆಂದು ಇಷ್ಟರಲ್ಲೇ ತಿಳಿಯುತ್ತದೆ. ಝಿನ್ನಿಯಾವನ್ನು ಕೊನೆಯ ಮಂಜಿಗೆ ನಾಲ್ಕು ವಾರ ಮುಂಚೆ ಮನೆಯೊಳಗೆ ಬಿತ್ತಿ ಸಸಿ ಮಾಡಿಕೊಂಡರೆ ಅಷ್ಟು ದಿನ ಉಳಿಯುತ್ತದೆ.

ಇನ್ನು ಚಳಿಯ ಗೆಳೆಯರು. ಟ್ಯುಲಿಪ್ ಗೆಡ್ಡೆಗೆ ಮಣ್ಣಿನಡಿಯಲ್ಲಿ 12ರಿಂದ 16 ವಾರ ತಂಪು ಬೇಕೇ ಬೇಕು. ಬೆಚ್ಚಗಿನ ಊರಿನವರು ಇದಕ್ಕಾಗಿ ಗೆಡ್ಡೆಯನ್ನು ಫ್ರಿಜ್‌ನಲ್ಲಿಡುತ್ತಾರೆ. ನಿಮಗೆ ಅದು ಪುಕ್ಕಟೆ. ಶರತ್ಕಾಲದಲ್ಲಿ, ನೆಲ ಗಟ್ಟಿಯಾಗುವ ಮುನ್ನ, 15 ಸೆಂಟಿಮೀಟರ್ ಆಳದಲ್ಲಿ ಒತ್ತೊತ್ತಾಗಿ ಹೂಳಿ. ವಸಂತದಲ್ಲಿ ಮೊಗ್ಗಿಗೆ ಬಣ್ಣ ಏರಿದ ಕೂಡಲೇ ಗೆಡ್ಡೆ ಸಮೇತ ಕಿತ್ತುಬಿಡಿ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಆಸೆ ಬೇಡ. ಮಡಿ ತೆರವಾಗುವುದೇ ಇಲ್ಲಿನ ಲಾಭ. ಅದೇ ಮಣ್ಣಿಗೆ ಝಿನ್ನಿಯಾ ಸಸಿಗಳನ್ನು ಇಳಿಸಬಹುದು. ಹೂ ಕೊಯ್ಯುವ ತೋಟವನ್ನು ತರಕಾರಿ ಮಡಿಯಂತೆ ನಡೆಸಬೇಕು: ಒಂದು ಬೆಳೆ ಎದ್ದ ಜಾಗದಲ್ಲಿ ಇನ್ನೊಂದು. ಅಂದಕ್ಕಾಗಿ ಬೆಳೆಸುವವರಿಗೆ ಇಷ್ಟು ನಿಷ್ಠುರತೆ ರುಚಿಸದು, ಆದರೆ ನಿಮ್ಮ ಉದ್ದೇಶ ಬೇರೆ.

ಎರಡನೆಯ ಮಡಿಯನ್ನು ಸ್ನ್ಯಾಪ್‌ಡ್ರಾಗನ್, ಕಾರ್ನ್‌ಫ್ಲವರ್, ಲಾರ್ಕ್‌ಸ್ಪರ್‌ಗಳಿಗೆ ಬಿಡಿ. ಲಾರ್ಕ್‌ಸ್ಪರ್ ಬೀಜ ಬೆಚ್ಚಗಿನ ಮಣ್ಣಿನಲ್ಲಿ ಮೊಳೆಯಲು ಒಪ್ಪುವುದಿಲ್ಲ. ಚಳಿಗಾಲದ ಹೊಸ್ತಿಲಲ್ಲಿ ನೇರವಾಗಿ ಬಿತ್ತಿ, ಅದರ ಪಾಡಿಗೆ ಬಿಟ್ಟುಬಿಡಿ. ಸ್ನ್ಯಾಪ್‌ಡ್ರಾಗನ್ ಸಸಿಗಳನ್ನು ಒಂದು ವಾರ ಹೊರಗಿನ ಗಾಳಿ, ಬಿಸಿಲಿಗೆ ಒಗ್ಗಿಸಿದರೆ ಕೊನೆಯ ಮಂಜಿಗೆ ಮೂರು ವಾರ ಮೊದಲೇ ನೆಡಬಹುದು. ತೀರಾ ಕೊರೆಯುವ ರಾತ್ರಿಗಳಲ್ಲಿ ತೆಳು ಬಟ್ಟೆ ಹೊದಿಸಿ.

ಕುಡಿ ಚಿವುಟುವುದರಿಂದ ಕವಲು ಹೆಚ್ಚುತ್ತದೆ, ನಿಜ. ಆದರೆ ಹೂವೂ ತಡವಾಗುತ್ತದೆ. ಅಲ್ಪಾವಧಿಯ ಬೇಸಿಗೆಯಲ್ಲಿ ಸ್ನ್ಯಾಪ್‌ಡ್ರಾಗನ್‌ನ ಅರ್ಧ ಗಿಡಗಳನ್ನು ಮಾತ್ರ ಚಿವುಟಿ; ಉಳಿದವು ಬೇಗ ಹೂ ಕೊಡಲಿ. ಒಂಟಿ ಕಾಂಡದ ಸೂರ್ಯಕಾಂತಿಯನ್ನಂತೂ ಚಿವುಟಲೇಬಾರದು.

ವರ್ಷಗಟ್ಟಲೆ ಬಾಳುವ ಹೂಗಿಡವಾದ ಪಿಯೋನಿಯ ಆಸೆಯಿದ್ದರೆ ಅದಕ್ಕೆ ಮಡಿಯ ಹೊರಗೆ ಕಾಯಂ ಜಾಗ ಕೊಡಿ. ಬೇರಿನ ಮೇಲಿನ ಕಣ್ಣುಗಳು ಮಣ್ಣಿನಡಿ 5 ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದರೆ ಬರೀ ಎಲೆ ಬರುತ್ತದೆ. ಮೊದಲ ಎರಡು ವರ್ಷ ಹೂ ಕೊಯ್ಯದಿರುವುದು ಒಳ್ಳೆಯದು. ಡೇಲಿಯಾವನ್ನು ಬಿಡಬೇಕಿಲ್ಲ, ನಾಲ್ಕೈದು ಗಿಡ ಸಾಕು. ಎಲೆ ಕಪ್ಪಾದ ಮೇಲೆ ಗೆಡ್ಡೆ ಅಗೆದು, ಹೆಪ್ಪುಗಟ್ಟದ ತಂಪು ಕೋಣೆಯಲ್ಲಿ ತುಸುವೇ ತೇವದ ಮರದ ಹೊಟ್ಟಿನಲ್ಲಿ ಇಡಿ.

ಪ್ರಶ್ನೆ: ಕೊಯ್ದ ಝಿನ್ನಿಯಾ ಮರುದಿನವೇ ಕತ್ತು ಬಾಗಿಸುತ್ತದೆ. ಡ್ಯಾಫೊಡಿಲ್ ಜೊತೆ ಇಟ್ಟ ಟ್ಯುಲಿಪ್ ಕೂಡ ಬೇಗ ಬಾಡುತ್ತದೆ. ನೀರಿನ ದೋಷವೇ?

ಉತ್ತರ: ಝಿನ್ನಿಯಾವನ್ನು ಬಲಿಯುವ ಮೊದಲೇ ಕೊಯ್ಯುತ್ತಿದ್ದೀರಿ. ಹೂವಿನಿಂದ ಒಂದು ಗೇಣು ಕೆಳಗೆ ಕಾಂಡ ಹಿಡಿದು ಅಲ್ಲಾಡಿಸಿ. ಕತ್ತು ಬಳುಕಿದರೆ ಬಿಡಿ, ನೆಟ್ಟಗೆ ನಿಂತರೆ ಕೊಯ್ಯಿರಿ. ಡ್ಯಾಫೊಡಿಲ್ ಕಾಂಡದ ಲೋಳೆ ಬೇರೆ ಹೂಗಳಿಗೆ ಆಗದು. ಅದನ್ನು ಕೆಲವು ಗಂಟೆ ಪ್ರತ್ಯೇಕ ನೀರಿನಲ್ಲಿಟ್ಟು, ಕಾಂಡವನ್ನು ಮತ್ತೆ ಕತ್ತರಿಸದೆ ಟ್ಯುಲಿಪ್ ಜೊತೆ ಸೇರಿಸಿ.