ಬೇಲಿಗಿಂತ ಮೊದಲು ರಸ್ತೆಯ ಗುರುತು

ಮಾನ್ಯರೇ,

ಮಹಾನಗರಗಳ ಬೆಳವಣಿಗೆ ಕುರಿತ ನಮ್ಮ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಗರದ ಸುತ್ತ ಕಟ್ಟಡ ಕಟ್ಟಲು ಬಿಡದ ಹಸಿರು ಪಟ್ಟಿ ಎಳೆದು, ಒಳಗೆ ಬಹುಮಹಡಿ ಕಟ್ಟಡಗಳಿಗೆ ಅನುಮತಿ ಕೊಟ್ಟರೆ ಸಾಲದೇ? ಹೊರವಲಯದಲ್ಲಿ ರಸ್ತೆ ಗುರುತಿಸಿದರೆ ನಗರ ಹಬ್ಬಲು ನಾವೇ ದಾರಿ ಮಾಡಿಕೊಟ್ಟಂತಲ್ಲವೇ? ತಿರುಳಿರುವುದು ಎರಡನೆಯದರಲ್ಲಿ. ಆದರೂ ಕ್ರಮವಾಗಿಯೇ ಹೋಗೋಣ.

ಎತ್ತರ ಬೇರೆ, ದಟ್ಟಣೆ ಬೇರೆ. 1,000 ಚದರ ಮೀಟರ್ ನಿವೇಶನದ ಐದನೇ ಒಂದು ಭಾಗದಲ್ಲಿ ಹತ್ತು ಅಂತಸ್ತು ಎಬ್ಬಿಸಿದರೆ ಸಿಗುವುದು 2,000 ಚದರ ಮೀಟರ್. ಅರ್ಧ ಜಾಗದಲ್ಲಿ ನಾಲ್ಕೇ ಅಂತಸ್ತು ಕಟ್ಟಿದರೂ ಅಷ್ಟೇ ಸಿಗುತ್ತದೆ. ಲಿಫ್ಟು, ಪಂಪು, ಅಗ್ನಿಶಾಮಕ ವ್ಯವಸ್ಥೆಯ ಖರ್ಚು ಮಾತ್ರ ಮೊದಲನೆಯದಕ್ಕೆ ಹೆಚ್ಚು. ಅದರ ಸುತ್ತ ಉಳಿದ ಬಯಲು ಬಹುಪಾಲು ಕಾರುಗಳ ಪಾಲಾಗುತ್ತದೆ. ತಿರುಗಿಸುವ ಜಾಗ ಸೇರಿ ಒಂದು ಕಾರಿಗೆ 25ರಿಂದ 30 ಚದರ ಮೀಟರ್ ಬೇಕು. ಮನೆಗೆ ಎರಡು ಕಾರಿನ ಜಾಗ ಕಡ್ಡಾಯವೆಂದರೆ, 60 ಚದರ ಮೀಟರಿನ ಮನೆಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕಾರುಮನೆಯನ್ನೂ ಕಟ್ಟಿಸಿದಂತೆ.

ಆದ್ದರಿಂದ ಒಳಗಿನ ಬೆಳವಣಿಗೆಗೆ ಮೊದಲು ಸಡಿಲಿಸಬೇಕಾದದ್ದು ಪಾರ್ಕಿಂಗ್ ಮತ್ತು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ನಿಯಮ. 12×18 ಮೀಟರ್ ನಿವೇಶನದಲ್ಲಿ ನಾಲ್ಕೂ ಕಡೆ 3 ಮೀಟರ್ ಬಿಟ್ಟರೆ ಕಟ್ಟಲು ಉಳಿಯುವುದು 72 ಚದರ ಮೀಟರ್. ಪಕ್ಕದ ಗೋಡೆಗಳು ಅಂಟಿಕೊಂಡಿರಲಿ, ಹಿಂದೆ ಮುಂದೆ ಮಾತ್ರ 3 ಮೀಟರ್ ಬಿಡಿ ಎಂದರೆ 144. ಒಂದೇ ಏಟಿಗೆ ಎರಡರಷ್ಟು. ನಡುಕೋಣೆಗೆ ಗಾಳಿಬೆಳಕಿನ ಕಿಂಡಿ ಬಿಡಿಸಬೇಕು, ಅಷ್ಟೆ. ಅಮೆರಿಕದ ಹ್ಯೂಸ್ಟನ್ 1998ರಲ್ಲಿ ತನ್ನ ಒಳವರ್ತುಲ ರಸ್ತೆಯೊಳಗಿನ ಪ್ರದೇಶದಲ್ಲಿ ನಿವೇಶನದ ಕನಿಷ್ಠ ಅಳತೆಯನ್ನು 5,000ದಿಂದ 1,400 ಚದರ ಅಡಿಗೆ ಇಳಿಸಿತು. ಹಳೆಯ ಒಂಟಿಮನೆಗಳ ಜಾಗದಲ್ಲಿ ಸಾಲುಮನೆಗಳು ಎದ್ದವು. ಇಂಥ ಬೆಳವಣಿಗೆಯಲ್ಲಿ ಕೈಕೊಡುವುದು ಒಳಚರಂಡಿ. ಕೊಳವೆ ಹಳೆಯ ಜನಸಂಖ್ಯೆಯ ಲೆಕ್ಕದ್ದು. ಮನೆಗಳು ಎರಡರಷ್ಟಾದಾಗ ಬೀದಿಯ ತಗ್ಗಿನ ತುದಿಯ ಮ್ಯಾನ್‌ಹೋಲ್ ಮೊದಲು ಉಕ್ಕುತ್ತದೆ, ಮೇಲಿನ ಬೀದಿಯವರಿಗೆ ಗೊತ್ತೇ ಆಗುವುದಿಲ್ಲ. ಕೊಳವೆಯ ಸಾಮರ್ಥ್ಯ ನೋಡದೆ ಅಂತಸ್ತು ಏರಿಸಲು ಬಿಡಬಾರದು.

ಇನ್ನು ಬೇಲಿ, ಅಂದರೆ ನೀವು ಹೇಳಿದ ಹಸಿರು ಪಟ್ಟಿ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದ ಸುತ್ತ 1971ರಲ್ಲಿ ಹಸಿರು ಪಟ್ಟಿ ಬಂತು. ಒಳಗೆ ಜಾಗ ಸಾಲದಾದಾಗ ಬೆಳವಣಿಗೆ ಪಟ್ಟಿಯನ್ನು ಹಾರಿ ಆಚೆ ಬಿತ್ತು; 1989ರಿಂದ ಬುಂದಾಂಗ್, ಇಲ್ಸಾನ್‌ನಂಥ ಉಪನಗರಗಳನ್ನು ಅದರ ಹೊರಗೇ ಕಟ್ಟಬೇಕಾಯಿತು. ದಿನಾ ಹಸಿರು ದಾಟಿ ಕೆಲಸಕ್ಕೆ ಬರುವ ಪಾಡು ಜನರದ್ದಾಯಿತು. ಅಮೆರಿಕದ ಪೋರ್ಟ್‌ಲ್ಯಾಂಡ್ 1979ರಲ್ಲಿ ಹಾಕಿಕೊಂಡದ್ದು ಜರುಗಬಲ್ಲ ಎಲ್ಲೆ: ಒಳಗೆ ಸದಾ 20 ವರ್ಷಕ್ಕೆ ಸಾಲುವಷ್ಟು ಜಾಗ ಇರಬೇಕು, ಆರು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಬೇಕಿದ್ದರೆ ಎಲ್ಲೆ ಸರಿಸಬೇಕು. ನಮ್ಮ ಮತ ಇದಕ್ಕೇ. ಆದರೆ ಸರಿಸಿದ ಕಡೆ ರಸ್ತೆಗೆ ಜಾಗವಿಲ್ಲದಿದ್ದರೆ ಇದೂ ನಕ್ಷೆಯ ಮೇಲಿನ ಗೆರೆಯೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ನಗರದಿಂದ 30 ಕಿಲೋಮೀಟರ್ ದೂರಕ್ಕೆ ಹೆದ್ದಾರಿ ಎಳೆದರೆ ಊರು ಚೆಲ್ಲಾಪಿಲ್ಲಿಯಾಗುತ್ತದೆ, ನಿಮ್ಮ ಆತಂಕ ಅಲ್ಲಿ ಸರಿ. ಅಂಚಿಗೆ ತಾಗಿದ ಜಮೀನಿನಲ್ಲಿ ಚೌಕುಳಿಯಾಗಿ ಮುಖ್ಯರಸ್ತೆ ಗುರುತಿಸುವುದು ಬೇರೆ ಮಾತು. ಒಂದು ಕಿಲೋಮೀಟರಿಗೊಂದರಂತೆ 30 ಮೀಟರ್ ಅಗಲದ ರಸ್ತೆ ಎರಡೂ ದಿಕ್ಕಿಗೆ ಹಾದರೆ, ಪ್ರತಿ ಚದರ ಕಿಲೋಮೀಟರಿಗೆ ಎರಡು ಕಿಲೋಮೀಟರ್ ರಸ್ತೆ, ಅಂದರೆ 60,000 ಚದರ ಮೀಟರ್. ನೆಲದ ಶೇ 6ರಷ್ಟು ಮಾತ್ರ. ಚೌಕದ ನಟ್ಟನಡುವಿನ ಮನೆಯಿಂದಲೂ ಬಸ್ಸಿನ ದಾರಿ ಅರ್ಧ ಕಿಲೋಮೀಟರ್. ಡಾಂಬರು ಈಗಲೇ ಬೇಡ. ಗಡಿಕಲ್ಲು ನೆಟ್ಟು ಹಕ್ಕು ಪಡೆದುಕೊಂಡರೆ ಸಾಕು. ಬಿಟ್ಟರೆ ಏನಾಗುತ್ತದೆ? ಒಬ್ಬೊಬ್ಬ ಮಾಲೀಕ ತನ್ನ ಬಡಾವಣೆಗೆ ತಕ್ಕಂತೆ 9 ಮೀಟರ್ ರಸ್ತೆ ಬಿಡುತ್ತಾನೆ, ಅದು ಪಕ್ಕದವನ ಗೋಡೆಗೆ ಹೋಗಿ ನಿಲ್ಲುತ್ತದೆ. ಆಮೇಲೆ ರಸ್ತೆ ಬೇಕೆಂದರೆ ಮನೆ ಒಡೆಯಬೇಕು.

ಹಣವಿಲ್ಲದಿದ್ದರೆ ಭೂಸ್ವಾಧೀನದ ಬದಲು ಜಮೀನುಗಳ ಮರುಹೊಂದಾಣಿಕೆ ಇದೆ. ಜರ್ಮನಿಯ ಫ್ರಾಂಕ್‌ಫರ್ಟ್‌ಗಾಗಿ 1902ರಲ್ಲೇ ಇದರ ಕಾನೂನಾಯಿತು, ಜಪಾನ್ ಇದನ್ನು ವ್ಯಾಪಕವಾಗಿ ಬಳಸಿತು. ಅಂಕುಡೊಂಕಾದ ಹೊಲಗಳನ್ನು ಒಟ್ಟುಗೂಡಿಸಿ, ಉದಾಹರಣೆಗೆ ಶೇ 25 ರಸ್ತೆ, ಉದ್ಯಾನಕ್ಕೆ, ಶೇ 10 ಮಾರಿ ಖರ್ಚಿಗೆ ತೆಗೆದರೆ, ಒಂದು ಹೆಕ್ಟೇರ್ ಕೊಟ್ಟವನಿಗೆ 6,500 ಚದರ ಮೀಟರ್ ನೇರ ಅಂಚಿನ, ರಸ್ತೆಬದಿಯ ಜಮೀನು ಮರಳುತ್ತದೆ. ಚದರ ಮೀಟರಿನ ಬೆಲೆ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದರೆ ಸಾಕು, ಅವನಿಗೆ ನಷ್ಟವಿಲ್ಲ. ಕೆಡುವುದು ತಡವಾದಾಗ: ಮರುಹಂಚಿಕೆ ವರ್ಷಗಟ್ಟಲೆ ಎಳೆದರೆ ನಡುವೆ ಒಬ್ಬ ಮನೆ ಕಟ್ಟುತ್ತಾನೆ, ಆ ಮನೆಯ ಸುತ್ತ ಇಡೀ ನಕ್ಷೆ ಸೊಟ್ಟಗಾಗುತ್ತದೆ.

ನಿಮ್ಮ ನಗರದ ಕರಡು ಮಾಸ್ಟರ್ ಪ್ಲಾನ್ ಆಕ್ಷೇಪಣೆಗೆ ಬಂದಾಗ ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಹಳದಿ, ಹಸಿರು ಬಣ್ಣಗಳನ್ನು ಆಮೇಲೆ ನೋಡಿ. ಹೊರಗಿನ ಮುಖ್ಯರಸ್ತೆ ಯಾವ ಯಾವ ಜಮೀನಿನ ಮೇಲೆ ಹಾಯುತ್ತದೆ, ಅವರಿಗೆ ಯಾವಾಗ, ಹೇಗೆ ಪರಿಹಾರ ಎಂಬ ಪಟ್ಟಿ ಲಗತ್ತಿಸಿದ್ದಾರೆಯೇ ನೋಡಿ. ಇಲ್ಲವಾದರೆ ನಿಮ್ಮ ಆಕ್ಷೇಪಣೆಯ ಮೊದಲ ಸಾಲು ಅದೇ ಆಗಿರಲಿ.

ಸಂಪಾದಕ